ಎಲ್‌ಕೆಜಿಗೆ ವ್ಯಾನು ಹತ್ತಿಸುವ ಮೊದಲು: ಕಾಸರಗೋಡಿನ ಕನ್ನಡ ಮನೆಗಳ ಶಾಲೆ ಲೆಕ್ಕ

ನಮ್ಮ ಕಾಸರಗೋಡು ಕಡೆ ಮಗು ಯಾವ ಪ್ರೈಮರಿ ಶಾಲೆಗೆ ಹೋಗಬೇಕು ಅನ್ನುವುದು ಒಂದನೇ ಕ್ಲಾಸಿಗೆ ಸೇರಿಸುವಾಗ ತೀರ್ಮಾನ ಆಗುವುದಿಲ್ಲ. ಅದಕ್ಕೂ ಎರಡು ವರ್ಷ ಮೊದಲು, ಎಲ್‌ಕೆಜಿಗೆ ವ್ಯಾನು ಹತ್ತಿಸುವಾಗಲೇ ಅದು ಮುಗಿದಿರುತ್ತದೆ. ಮೂರೂವರೆ ವರ್ಷದ ಮಗುವಿಗೆ ಯಾವ ಮೀಡಿಯಂ ಅಂತ ಆಗ ಯಾರೂ ಕೂತು ಯೋಚನೆ ಮಾಡಿರುವುದಿಲ್ಲ. ಅಂಗನವಾಡಿಯಲ್ಲಿ ಏನೂ ಕಲಿಸುವುದಿಲ್ಲ ಅಂತ ಒಬ್ಬರು ಹೇಳುತ್ತಾರೆ, ಪಕ್ಕದ ಮನೆಯ ಮಗು ಟೈ ಕಟ್ಟಿಕೊಂಡು ಹೋಗುವುದು ದಿನಾ ಕಣ್ಣಿಗೆ ಬೀಳುತ್ತದೆ, ವ್ಯಾನು ಬೇರೆ ಗೇಟಿನ ಹತ್ತಿರವೇ ಬರುತ್ತದೆ. ಅಷ್ಟರಲ್ಲಿ ಕೆಲಸ ಆಯಿತು. ಒಂದನೇ ಕ್ಲಾಸಿನ ಹೊತ್ತಿಗೆ ‘ಈಗ ಯಾಕೆ ಬದಲಿಸುವುದು, ಮಗುವಿಗೆ ಅಲ್ಲೇ ಅಭ್ಯಾಸ ಆಗಿದೆ’ ಅಂತ ಮುಂದುವರಿಸುತ್ತೇವೆ. ಐದನೆಯದಕ್ಕೆ ಬರುವಾಗ ಬದಲಿಸುವ ಧೈರ್ಯವೇ ಇರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿನವರೆಗೆ ಫೀಸು ಕೊಟ್ಟು ಓದಿಸುವುದರಿಂದ ಕಲಿಕೆಯಲ್ಲಿ ಸಿಗುವ ಲಾಭ ನಾವು ಅಂದುಕೊಂಡದ್ದಕ್ಕಿಂತ ತುಂಬ ಕಡಿಮೆ. ಹಾಗಂತ ಊರಿನ ಕನ್ನಡ ಶಾಲೆ ಅಂದ ಕೂಡಲೇ ಕಣ್ಣು ಮುಚ್ಚಿ ಸೇರಿಸುವ ಹಾಗೂ ಇಲ್ಲ. ಕೆಲವು ಕನ್ನಡ ಶಾಲೆಗಳು ನಿಜಕ್ಕೂ ಚೆನ್ನಾಗಿವೆ, ಕೆಲವು ಹೆಸರಿಗೆ ಮಾತ್ರ ನಡೆಯುತ್ತಿವೆ. ಖಾಸಗಿ ಶಾಲೆಗಳ ಕಥೆಯೂ ಅದೇ. ಹಾಗಾಗಿ ಬೋರ್ಡು ನೋಡಿ ತೀರ್ಮಾನ ಮಾಡುವುದು ಬಿಟ್ಟು ಒಳಗೆ ಹೋಗಿ ನೋಡಬೇಕು. ಏನು ನೋಡಬೇಕು, ಯಾಕೆ ನೋಡಬೇಕು ಅನ್ನುವುದೇ ಈ ಲೇಖನ.

ನಮ್ಮಲ್ಲಿ ಖಾಸಗಿ ಶಾಲೆ ಅಂದರೆ ಎರಡು ಬಗೆ. ಇದು ಗೊತ್ತಿಲ್ಲದೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಒಂದು, ಎ.ಎಲ್.ಪಿ., ಎ.ಯು.ಪಿ. ಅಂತ ಬೋರ್ಡು ಇರುವ ಅನುದಾನಿತ ಶಾಲೆ (ಎಲ್‌ಪಿ ಅಂದರೆ ನಾಲ್ಕರವರೆಗಿನ ಲೋವರ್ ಪ್ರೈಮರಿ, ಯುಪಿ ಅಂದರೆ ಏಳರವರೆಗಿನ ಅಪ್ಪರ್ ಪ್ರೈಮರಿ). ಜಾಗ, ಕಟ್ಟಡ ಮೇನೇಜರದ್ದು, ಮಾಷ್ಟ್ರನ್ನು ನೇಮಕ ಮಾಡುವುದೂ ಅವರೇ, ಆದರೆ ಸಂಬಳ ಕೊಡುವುದು ಸರಕಾರ. ಮಕ್ಕಳಿಗೆ ಫೀಸಿಲ್ಲ. ಪುಸ್ತಕ ಉಚಿತ, ಎಂಟನೆಯವರೆಗೆ ಮಧ್ಯಾಹ್ನದ ಊಟವೂ ಉಂಟು. ಇನ್ನೊಂದು, ಸರಕಾರದ ಸಂಬಳ ಇಲ್ಲದ ಅನುದಾನರಹಿತ ಶಾಲೆ. ನಾವು ದಿನನಿತ್ಯ ‘ಪ್ರೈವೇಟ್’ ಅಂತ ಕರೆಯುವುದು ಇದನ್ನೇ. ಇವುಗಳಲ್ಲಿ ಕೆಲವು ಕೇರಳ ಸಿಲೆಬಸ್, ಕೆಲವು ಸಿಬಿಎಸ್‌ಇ. ಇವೆರಡರ ಜೊತೆಗೆ ಪೂರ್ತಿ ಸರಕಾರಿ ಶಾಲೆ ಇದ್ದೇ ಇದೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆಯ ಕನ್ನಡ ಶಾಲೆಗಳಲ್ಲಿ ಅನುದಾನಿತ ಶಾಲೆಗಳ ಪಾಲು ದೊಡ್ಡದು. ಊರಿನ ಯಾವುದೋ ಮನೆತನ, ದೇವಸ್ಥಾನ, ಇಲ್ಲದಿದ್ದರೆ ಹತ್ತು ಜನ ಸೇರಿ ಮದ್ರಾಸು ಸರಕಾರದ ಕಾಲದಲ್ಲಿ ಕಟ್ಟಿದವು ಇವುಗಳಲ್ಲಿ ಬೇಕಾದಷ್ಟಿವೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಶಾಲೆ ಇದ್ದಲ್ಲೇ ಇತ್ತು, ಮಾಷ್ಟ್ರೂ ಅವರೇ ಇದ್ದರು, ಸರಕಾರ ಮಾತ್ರ ಬದಲಾಯಿತು. ಅಲ್ಲಿಂದ ನಮ್ಮ ಮಕ್ಕಳು ಓದುವುದು ಕೇರಳದ ಪಾಠವನ್ನು, ಕನ್ನಡದಲ್ಲಿ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ ಸಿಗುತ್ತದೆ. ಇದು ದೊಡ್ಡ ಅನುಕೂಲ, ನಾವು ಮಾತ್ರ ಇದನ್ನು ಇದ್ದದ್ದೇ ಅಂತ ಬಿಟ್ಟಿದ್ದೇವೆ.

ಈಗ ಖರ್ಚಿನ ವಿಷಯ. ಶಾಲೆಯಿಂದ ಶಾಲೆಗೆ ಫೀಸು ಬೇರೆ, ಹಾಗಾಗಿ ಲೆಕ್ಕಕ್ಕೋಸ್ಕರ ಸುಮಾರು ಕಡಿಮೆಯ ಅಂಕಿಗಳನ್ನೇ ಇಟ್ಟುಕೊಳ್ಳೋಣ. ತಿಂಗಳ ಫೀಸು 1,500 ಅಂದರೆ ವರ್ಷಕ್ಕೆ 18,000. ವ್ಯಾನಿಗೆ ತಿಂಗಳಿಗೆ 1,000ದಂತೆ ಹತ್ತು ತಿಂಗಳಿಗೆ 10,000. ಪುಸ್ತಕ 4,000. ಯೂನಿಫಾರ್ಮು, ಶೂ, ಬೆಲ್ಟು, ಬುಧವಾರದ ಬೇರೆ ಬಣ್ಣದ ಟೀಶರ್ಟು, ಎಲ್ಲ ಸೇರಿ 3,000. ಅಲ್ಲಿಗೆ ವರ್ಷಕ್ಕೆ 35,000. ಎಲ್‌ಕೆಜಿ, ಯುಕೆಜಿ, ಮತ್ತೆ ನಾಲ್ಕು ವರ್ಷ, ಒಟ್ಟು ಆರು ವರ್ಷಕ್ಕೆ 2,10,000. ಮೊದಲ ಸಲದ ಅಡ್ಮಿಷನ್ನಿಗೆ ಒಂದು 10,000 ಸೇರಿಸಿ. ಒಂದು ಮಗು ನಾಲ್ಕನೇ ಕ್ಲಾಸು ಮುಗಿಸುವಾಗ 2,20,000, ಇಬ್ಬರಿದ್ದರೆ ನಾಲ್ಕು ಲಕ್ಷ ದಾಟಿತು. ಫೀಸು ವರ್ಷ ವರ್ಷ ಏರುವುದನ್ನು ನಾನು ಇದರಲ್ಲಿ ಹಿಡಿದೇ ಇಲ್ಲ.

ಗಲ್ಫಿನಿಂದ ಪ್ರತಿ ತಿಂಗಳೂ ಹಣ ಬರುವ ಮನೆಗೆ ಇದು ದೊಡ್ಡದಲ್ಲದೆ ಇರಬಹುದು. ಅಡಿಕೆ ನಂಬಿದವರಿಗೆ ಹಾಗಲ್ಲ. ಶಾಲೆಯವರು ಹಣ ಕೇಳುವುದು ಮೇ, ಜೂನ್ ತಿಂಗಳಲ್ಲಿ, ಅದೇ ಹೊತ್ತಿಗೆ ತೋಟಕ್ಕೆ ಮೈಲುತುತ್ತು ಬಿಡುವ ಖರ್ಚೂ ಬಂದು ಕೂತಿರುತ್ತದೆ. ಕೊಳೆರೋಗ ಬಂದ ವರ್ಷ ಎರಡನೇ ಟರ್ಮಿನ ಫೀಸಿಗೆ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟ ಮನೆಗಳು ನಮ್ಮ ಸುತ್ತ ಕಡಿಮೆ ಏನಿಲ್ಲ. ಎರಡನೇ ಕ್ಲಾಸಿನ ಓದಿಗೆ ಚಿನ್ನ ಅಡವಿಡಬೇಕಾ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ಕೇಳಬೇಕಾದ ಪ್ರಶ್ನೆಯೇ ಅಲ್ವಾ?

ಅಷ್ಟು ಹಣಕ್ಕೆ ಸಿಗುವುದೇನು? ಕೆಲವು ನಿಜವಾಗಿ ಸಿಗುತ್ತವೆ. ಮನೆ ಬಾಗಿಲಿಗೆ ಗಾಡಿ ಬರುತ್ತದೆ, ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಇದು ಸಣ್ಣ ವಿಷಯ ಅಲ್ಲ. ಒಂದು ಕ್ಲಾಸಿಗೆ ಒಬ್ಬ ಟೀಚರ್ ಇರುತ್ತಾರೆ. ಡೈರಿಯಲ್ಲಿ ಬರೆದು ಕಳಿಸುತ್ತಾರೆ, ವಾಟ್ಸ್‌ಆ್ಯಪಿನಲ್ಲಿ ಫೋಟೋ ಹಾಕುತ್ತಾರೆ, ಹೇಳಿದರೆ ಕೇಳುವವರೊಬ್ಬರು ಇದ್ದಾರೆ ಅನ್ನುವ ಸಮಾಧಾನ ಇರುತ್ತದೆ. ಇವನ್ನೆಲ್ಲ ಸುಳ್ಳು ಅನ್ನಬಾರದು. ಮಕ್ಕಳನ್ನು ಪ್ರೈವೇಟಿಗೆ ಹಾಕುವವರೆಲ್ಲ ಇಂಗ್ಲಿಷಿನ ಹುಚ್ಚಿನವರು ಅಂತ ಭಾಷಣ ಮಾಡುವವರು ಈ ಅನುಕೂಲಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. (ಅವರ ಮಕ್ಕಳು ಎಲ್ಲಿ ಓದಿದ್ದು ಅಂತ ನಾನು ಕೇಳಲು ಹೋಗುವುದಿಲ್ಲ.)

ಆದರೆ ಕಲಿಕೆ? ಇದಕ್ಕೆ ಆಂಧ್ರದಲ್ಲಿ ನಡೆದ ಒಂದು ಅಧ್ಯಯನ ನೋಡಿ. ಸಾಮಾನ್ಯವಾಗಿ ಖಾಸಗಿ ಶಾಲೆಯ ಮಕ್ಕಳ ಮಾರ್ಕು ಜಾಸ್ತಿ ಇರುತ್ತದೆ. ಅದು ಶಾಲೆಯಿಂದ ಬಂತೋ, ಓದಿದ ತಾಯಿ, ಟ್ಯೂಷನ್, ದುಡ್ಡಿರುವ ಮನೆ ಇವುಗಳಿಂದ ಬಂತೋ ಹೇಳುವುದು ಕಷ್ಟ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಬಿಡಿಸಿ ನೋಡಿದರು. 2008ರಲ್ಲಿ ಆಗಿನ ಅವಿಭಜಿತ ಆಂಧ್ರದ ಹಳ್ಳಿಗಳಲ್ಲಿ, ಖಾಸಗಿ ಶಾಲೆಗೆ ಹೋಗಲು ಅರ್ಜಿ ಹಾಕಿದ ಮಕ್ಕಳ ಹೆಸರು ಚೀಟಿ ಎತ್ತಿ, ಹೆಸರು ಬಂದವರ ಖರ್ಚು ಯೋಜನೆಯಿಂದಲೇ ಕೊಟ್ಟರು. ಅರ್ಜಿ ಹಾಕಿದ ಎಲ್ಲರ ಮನೆಯ ಆಸೆಯೂ ಒಂದೇ, ಬೇರೆಯಾದದ್ದು ಅದೃಷ್ಟ ಮಾತ್ರ. ಎರಡು ವರ್ಷ ಆದ ಮೇಲೆ ಒಮ್ಮೆ, ನಾಲ್ಕು ವರ್ಷ ಆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿದರು. ತೆಲುಗಿನಲ್ಲಿ ವ್ಯತ್ಯಾಸ ಇಲ್ಲ, ಲೆಕ್ಕದಲ್ಲಿ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯ ಮಕ್ಕಳು ಮುಂದೆ ಇದ್ದರು, ಯಾಕೆಂದರೆ ಸರಕಾರಿ ಶಾಲೆಯಲ್ಲಿ ಆ ಹಂತಕ್ಕೆ ಹಿಂದಿಯೇ ಇರಲಿಲ್ಲ.

ಖಾಸಗಿ ಶಾಲೆಗಳ ಪರವಾಗಿ ಇದರಲ್ಲಿ ಒಂದು ಮಾತಿದೆ, ಅದನ್ನೂ ಹೇಳಬೇಕು. ಅವರು ಸರಕಾರಿ ಶಾಲೆಯ ಖರ್ಚಿನ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ಅಷ್ಟೇ ಫಲ ತೋರಿಸಿದರು, ತೆಲುಗು ಮತ್ತು ಲೆಕ್ಕಕ್ಕೆ ಕಡಿಮೆ ಹೊತ್ತು ಕೊಟ್ಟೂ ಆ ಮಕ್ಕಳು ಹಿಂದೆ ಬೀಳಲಿಲ್ಲ. ಅಲ್ಲಿ ಟೀಚರ್ ಗೈರುಹಾಜರಿ ಕಡಿಮೆ, ಶಾಲೆಯೂ ಸ್ವಚ್ಛ. ಆದರೆ ಆ ಉಳಿತಾಯ ಆಗುವುದು ಸರಕಾರದ ಲೆಕ್ಕದಲ್ಲಿ, ನಮ್ಮ ಕಿಸೆಯಲ್ಲಿ ಅಲ್ಲ. ಇನ್ನೊಂದು ಸುಳಿವೂ ಅದರಲ್ಲಿದೆ: ಖಾಸಗಿ ಶಾಲೆಗಳಲ್ಲೇ ತೆಲುಗು ಮೀಡಿಯಂ ಸೇರಿದವರಿಗೆ ಲಾಭ ಆದ ಹಾಗೆ ಕಾಣುತ್ತದೆ, ತೆಲುಗಿನಿಂದ ಇಂಗ್ಲಿಷ್ ಮೀಡಿಯಮ್ಮಿಗೆ ಹಾರಿದವರಿಗೆ ಅಷ್ಟು ಒಗ್ಗಲಿಲ್ಲ. ಆಂಧ್ರ ಬೇರೆ, ಕೇರಳ ಬೇರೆ, ಒಪ್ಪುತ್ತೇನೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಸ್ಥಿತಿ ಮೊದಲೇ ಮೇಲಾಗಿರುವುದರಿಂದ ಖಾಸಗಿಯವರು ಗೆಲ್ಲುವುದು ಇಲ್ಲಿ ಇನ್ನೂ ಕಷ್ಟ ಅಂತ ನನ್ನ ಅಂದಾಜು.

ಮೀಡಿಯಂ ಯಾಕೆ ಅಷ್ಟು ಮುಖ್ಯ ಅಂತ ನೋಡಬೇಕಾದರೆ ಲೆಕ್ಕದ ಪುಸ್ತಕ ತೆಗೆಯಿರಿ. ನಮ್ಮ ನೆರೆಮನೆಯ ಹುಡುಗಿ ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕೂಡಿಸುವುದು, ಕಳೆಯುವುದು ಚಕಚಕ ಮಾಡುತ್ತಾಳೆ. ಅವಳ ಪುಸ್ತಕದಲ್ಲಿ ಒಂದು ಪ್ರಶ್ನೆ ಇತ್ತು, ರವಿ ಹತ್ತಿರ 24 ಗೋಲಿ, ಸೀತೆ ಹತ್ತಿರ 15, ರವಿ ಹತ್ತಿರ ಎಷ್ಟು ಜಾಸ್ತಿ ಇದೆ ಅಂತ, ಇಂಗ್ಲಿಷಿನಲ್ಲಿ. ಅವಳು 39 ಅಂತ ಬರೆದಿದ್ದಳು. ಯಾಕೆ ಕೂಡಿಸಿದ್ದು ಅಂತ ಕೇಳಿದೆ. ‘ಮೋರ್ ಅಂತ ಉಂಟಲ್ಲ, ಮೋರ್ ಇದ್ದರೆ ಪ್ಲಸ್, ಲೆಫ್ಟ್ ಇದ್ದರೆ ಮೈನಸ್’ ಅಂದಳು. ಟ್ಯೂಷನ್ನಿನಲ್ಲಿ ಹೇಳಿಕೊಟ್ಟ ಉಪಾಯ. ಅದನ್ನೇ ಕನ್ನಡದಲ್ಲಿ, ರವಿ ಹತ್ತಿರ ಸೀತೆಗಿಂತ ಎಷ್ಟು ಗೋಲಿ ಜಾಸ್ತಿ ಉಂಟು ಅಂತ ಕೇಳಿದಾಗ ಬೆರಳು ಮಡಚಿ ಒಂಬತ್ತು ಅಂದಳು, ಪೆನ್ಸಿಲ್ ಮುಟ್ಟಲೂ ಇಲ್ಲ. ಲೆಕ್ಕ ಅವಳಿಗೆ ಬರುತ್ತದೆ. ಪ್ರಶ್ನೆ ಏನು ಅಂತ ಅರ್ಥ ಆಗುವುದಿಲ್ಲ. ಇದು ನಾಲ್ಕು ವರ್ಷ ಹೀಗೇ ಹೋದರೆ ‘ನಮ್ಮ ಮಗಳು ಲೆಕ್ಕದಲ್ಲಿ ವೀಕ್’ ಅಂತ ಮನೆಯವರೇ ನಂಬಿಬಿಡುತ್ತಾರೆ, ಅವಳೂ ನಂಬುತ್ತಾಳೆ.

ಇಲ್ಲಿ ಒಂದು ತಕರಾರು ಬರುತ್ತದೆ, ಮತ್ತು ಅದು ಸರಿಯಾದ ತಕರಾರೇ. ಕಾಸರಗೋಡಿನ ಕನ್ನಡ ಶಾಲೆಗೆ ಹೋಗುವ ಮಕ್ಕಳೆಲ್ಲರ ಮನೆಮಾತು ಕನ್ನಡ ಎಲ್ಲಿದೆ? ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕರ ಕನ್ನಡ, ಹೀಗೆ ಒಂದೇ ಬೆಂಚಿನಲ್ಲಿ ನಾಲ್ಕು ಭಾಷೆ ಕೂತಿರುತ್ತದೆ. ತುಳು ಮನೆಯ ಮಗುವಿಗೆ ಶಾಲೆಯ ಕನ್ನಡವೂ ಕಲಿಯಬೇಕಾದ ಭಾಷೆಯೇ. ಹಾಗಾದರೆ ಇಂಗ್ಲಿಷೇ ಕಲಿತರೆ ಏನಾಯಿತು ಅಂತ ಕೇಳುತ್ತಾರೆ. ಮಗು ಕಿವಿಯಲ್ಲಿ ಏನು ಕೇಳುತ್ತಾ ಬೆಳೆದಿದೆ ಅನ್ನುವುದರ ಮೇಲೆ ಹೋಗುತ್ತದೆ ಇದು. ಪೈವಳಿಕೆ, ವರ್ಕಾಡಿ, ಎಣ್ಮಕಜೆ ಕಡೆಯ ತುಳು ಮಗು ಯಕ್ಷಗಾನ, ಭಜನೆ, ಅಂಗಡಿ, ಟೀವಿ, ಮದುವೆ ಕಾಗದ ಎಲ್ಲದರಲ್ಲಿ ಕನ್ನಡ ಕೇಳಿ, ಕಂಡು ಬೆಳೆದಿರುತ್ತದೆ. ಇಂಗ್ಲಿಷ್ ಅದಕ್ಕೆ ಸಿಗುವುದು ಕ್ಲಾಸಿನ ಒಳಗೆ ಮಾತ್ರ, ಅದೂ ಟೀಚರಿಗೆ ಸರಾಗವಾಗಿ ಬಂದರೆ. ಮನೆಯಲ್ಲಿ ಮಲಯಾಳ ಮಾತಾಡುವ, ಕುಂಬಳೆ ಉಪ್ಪಳ ಪೇಟೆಯಲ್ಲಿ ಬೆಳೆದ ಮಗುವಿಗೆ ಮಲಯಾಳ ಡಿವಿಜನ್ನೇ (ಮಲಯಾಳದಲ್ಲಿ ಪಾಠ ಮಾಡುವ ವಿಭಾಗ) ಹಿತ ಆಗಬಹುದು. ಕನ್ನಡದ ಮೇಲಿನ ಅಭಿಮಾನಕ್ಕೆ ಆ ಮಗುವನ್ನು ಎಳೆಯುವುದು ಬೇಡ.

ಕಾನೂನು ನಮ್ಮ ಬೆನ್ನಿಗಿದೆಯಾ ಅಂದರೆ, ಇದೆ, ಒಂದು ಮಟ್ಟಕ್ಕೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ, ಅದು ಸೇರಿದ್ದೂ 1956ರಲ್ಲೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಧ್ಯ ಇರುವಷ್ಟು ಮಾತೃಭಾಷೆಯಲ್ಲೇ ಕಲಿಸಿ ಅನ್ನುತ್ತದೆ. ಅದೇ ಹೊತ್ತಿಗೆ, ಯಾವ ಮೀಡಿಯಂ ಅಂತ ಸರಕಾರ ಒತ್ತಾಯ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಕರ್ನಾಟಕದ ಕೇಸಿನಲ್ಲೇ ಹೇಳಿಬಿಟ್ಟಿದೆ. ಅಂದರೆ ಆಯ್ಕೆ ತಾಯಿ ತಂದೆಯದ್ದು, ಯಾರೂ ನಿಮ್ಮನ್ನು ಕಟ್ಟಿಹಾಕುವುದಿಲ್ಲ.

ಇನ್ನು ಕನ್ನಡ ಶಾಲೆಗಳ ಹುಳುಕು. ಮೊದಲನೆಯದು, ಕನ್ನಡ ಬಾರದ ಟೀಚರ್. ಕನ್ನಡ ಮೀಡಿಯಂ ಹುದ್ದೆಗೆ ಪಿಎಸ್‌ಸಿ (ಸರಕಾರಿ ಕೆಲಸಕ್ಕೆ ಜನ ಆರಿಸುವ ಆಯೋಗ) ಮೂಲಕ ಕನ್ನಡ ಸರಿಯಾಗಿ ಗೊತ್ತಿಲ್ಲದವರು ಬಂದು, ಪೋಷಕರು ಶಾಲೆ ಎದುರು ಧರಣಿ ಕೂತದ್ದು ಕಾಸರಗೋಡಿನಲ್ಲಿ ಮತ್ತೆ ಮತ್ತೆ ಆಗಿದೆ. ಹೈಸ್ಕೂಲಿನಲ್ಲಿ ಇದು ಜಾಸ್ತಿ. ಮಕ್ಕಳಿಗೆ ಕನ್ನಡ ಮೀಡಿಯಂ ಅಂತ ಹೇಳಿ ಪಾಠ ಮಾತ್ರ ಮಲಯಾಳದಲ್ಲೋ ಹರಕು ಇಂಗ್ಲಿಷಿನಲ್ಲೋ ನಡೆದರೆ, ನಾನು ಮೇಲೆ ಹೇಳಿದ ಲಾಭವೆಲ್ಲ ಅಲ್ಲಿಗೇ ನೀರಲ್ಲಿ ಹೋಮ. ಎರಡನೆಯದು, ಪುಸ್ತಕ. ಕೇರಳದಲ್ಲಿ 2024 ಮತ್ತು 2025ರಲ್ಲಿ ಎರಡು ಹಂತವಾಗಿ ಒಂದರಿಂದ ಹತ್ತರವರೆಗಿನ ಪಠ್ಯಪುಸ್ತಕ ಬದಲಾದವು. ಕನ್ನಡದ ಪುಸ್ತಕ ತಡವಾಗಿ ಬರುತ್ತದೆ, ಅನುವಾದ ಬಾಯಿಗೆ ಹತ್ತುವುದಿಲ್ಲ ಅನ್ನುವುದು ನಮ್ಮ ಮಾಷ್ಟ್ರ ಹಳೆಯ ದೂರು. ಮಗುವಿಗೆ ಅರ್ಥ ಆಗಲಿ ಅಂತ ಕನ್ನಡ ಮೀಡಿಯಮ್ಮಿಗೆ ಹಾಕುವುದು, ಕನ್ನಡ ಪುಸ್ತಕದ ವಾಕ್ಯ ಮಾಷ್ಟ್ರಿಗೇ ಅರ್ಥ ಆಗದೆ ಇರುವುದು, ಇದಕ್ಕೇನು ಹೇಳುವುದು?

ಮೂರನೆಯದು ಜನ ಬಾಯಿ ಬಿಟ್ಟು ಹೇಳದ್ದು. ಅನುದಾನಿತ ಶಾಲೆಯ ನೇಮಕಾತಿ ಮೇನೇಜರ್ ಕೈಯಲ್ಲಿದೆ, ಕೆಲಸಕ್ಕೆ ಡೊನೇಷನ್ ಕೊಡಬೇಕು ಅನ್ನುವುದು ಊರಿಗೆಲ್ಲ ಗೊತ್ತಿರುವ ಗುಟ್ಟು. ಹಾಗೆ ಬಂದವರೆಲ್ಲ ಕೆಟ್ಟ ಟೀಚರುಗಳು ಅಂತ ಅಲ್ಲ, ಒಳ್ಳೆಯವರು ಬೇಕಾದಷ್ಟಿದ್ದಾರೆ. ಆದರೆ ಸರಿಯಾಗಿ ಕಲಿಸದವರನ್ನು ಕೇಳುವವರಿಲ್ಲ. ಇದಲ್ಲದೆ ಭಿನ್ನಸಾಮರ್ಥ್ಯದವರ ಮೀಸಲಾತಿಯ ತಕರಾರಿನಿಂದ ಕೇರಳದಾದ್ಯಂತ ಅನುದಾನಿತ ಶಾಲೆಗಳ ಹೊಸ ನೇಮಕಾತಿಗಳಿಗೆ ವರ್ಷಗಟ್ಟಲೆ ಅಂಗೀಕಾರ ಸಿಗಲಿಲ್ಲ. ಪೂರ್ತಿ ಸಂಬಳ ಇಲ್ಲದೆ, ನಾಳೆ ಏನು ಅಂತ ಗೊತ್ತಿಲ್ಲದೆ ಪಾಠ ಮಾಡುವ ಟೀಚರಿಂದ ನಾವು ಎಷ್ಟು ನಿರೀಕ್ಷೆ ಮಾಡಬಹುದು? ಅನುದಾನರಹಿತ ಶಾಲೆಯಲ್ಲೂ ಇದೇ ತೊಂದರೆ, ಇನ್ನೊಂದು ರೂಪದಲ್ಲಿ. ಅಲ್ಲಿ ಸಂಬಳ ಕಡಿಮೆ, ಹಾಗಾಗಿ ಪಿಎಸ್‌ಸಿ ರ‍್ಯಾಂಕ್ ಲಿಸ್ಟು ಬರುವವರೆಗೆ, ಮದುವೆ ಆಗುವವರೆಗೆ, ಬೇರೆ ಕಡೆ ಕರೆ ಬರುವವರೆಗೆ ಅಂತ ಟೀಚರುಗಳು ಇರುತ್ತಾರೆ. ವರ್ಷದ ನಡುವೆ ಕ್ಲಾಸ್ ಟೀಚರ್ ಬದಲಾದರೆ ಒಂದನೇ ಎರಡನೇ ಕ್ಲಾಸಿನ ಮಕ್ಕಳಿಗೆ ಅದು ಭಾರಿ ಹೊಡೆತ.

ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸಿನ ಭಯಕ್ಕೆ ಬರೋಣ. ಇಷ್ಟೆಲ್ಲ ಹೇಳಿದ ಮೇಲೂ ತಾಯಂದಿರು ಕೇಳುವುದು ಇದನ್ನೇ: ‘ಹತ್ತರವರೆಗೆ ಕನ್ನಡ, ಪ್ಲಸ್ ವನ್ ಸಯನ್ಸಿಗೆ ಹೋಗಿ ಇಂಗ್ಲಿಷಿನಲ್ಲಿ ಮುಳುಗಿದರೆ?’ ಭಯ ಸುಳ್ಳಲ್ಲ. ಹೈಯರ್ ಸೆಕೆಂಡರಿಯಲ್ಲಿ ವಿಜ್ಞಾನದ ಪಾಠ ಇಂಗ್ಲಿಷಿನಲ್ಲೇ, ಮತ್ತು ಕನ್ನಡದಿಂದ ಹೋದ ಮಕ್ಕಳು ಮೊದಲ ಕೆಲವು ತಿಂಗಳು ಕಷ್ಟ ಪಡುತ್ತಾರೆ. ಆದರೆ ಪ್ಲಸ್ ವನ್ನಿನ ಕಷ್ಟಕ್ಕೆ ಎಲ್‌ಕೆಜಿಯಲ್ಲೇ ಮದ್ದು ಮಾಡಬೇಕಾಗಿಲ್ಲ. ಕೇರಳ ಸಿಲೆಬಸ್ಸಿನಲ್ಲಿ ಇಂಗ್ಲಿಷ್ ಒಂದನೇ ಕ್ಲಾಸಿನಿಂದಲೇ ವಿಷಯವಾಗಿ ಇದೆ. ಅದನ್ನು ಆ ಶಾಲೆಯಲ್ಲಿ ಚೆನ್ನಾಗಿ ಕಲಿಸುತ್ತಾರಾ ಅಂತ ನೋಡುವುದೇ ದೊಡ್ಡ ಕೆಲಸ. ಜೊತೆಗೆ, ನಮ್ಮ ಹಲವು ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಈಗ ಇಂಗ್ಲಿಷ್ ಡಿವಿಜನ್ನೂ ಇದೆ. ನಾಲ್ಕರವರೆಗೆ ಕನ್ನಡದಲ್ಲಿ ಓದಿ ಲೆಕ್ಕ, ಓದು, ಬರಹ ಗಟ್ಟಿ ಮಾಡಿಕೊಂಡ ಮಗು ಐದಕ್ಕೋ ಎಂಟಕ್ಕೋ ಇಂಗ್ಲಿಷ್ ಡಿವಿಜನ್ನಿಗೆ ಹೋಗಬಹುದು. ನನಗೆ ಇದೇ ಹೆಚ್ಚು ಸರಿ ಅನಿಸುತ್ತದೆ. ತಿರುಗಾಮುರುಗಾ ಮಾಡುವುದು, ಅಂದರೆ ಇಂಗ್ಲಿಷಿನಲ್ಲಿ ಸುರುಮಾಡಿ ಆಗುವುದಿಲ್ಲ ಅಂತ ಐದಕ್ಕೆ ಕನ್ನಡಕ್ಕೆ ತರುವುದು, ಮಗುವಿಗೆ ತುಂಬ ಕಷ್ಟ, ಕನ್ನಡ ಅಕ್ಷರವೇ ಗೊತ್ತಿರುವುದಿಲ್ಲವಲ್ಲ.

ಕೆಲಸದ ದೃಷ್ಟಿಯಿಂದಲೂ ಒಂದು ಮಾತು. ಕೇರಳ ಪಿಎಸ್‌ಸಿಯಲ್ಲಿ ಕನ್ನಡ ಮೀಡಿಯಂ ಎಲ್‌ಪಿ, ಯುಪಿ ಟೀಚರ್ ಹುದ್ದೆ, ಕನ್ನಡವೂ ಮಲಯಾಳವೂ ಗೊತ್ತಿರುವ ಕ್ಲಾರ್ಕ್ ಹುದ್ದೆ ಅಂತ ಬೇರೆಯೇ ಕರೆಯುತ್ತಾರೆ. ಇದಕ್ಕೆ ಸ್ಪರ್ಧೆ ಮಾಡುವವರು ಕನ್ನಡ ಬಲ್ಲವರ ಒಳಗೆ, ಇಡೀ ಕೇರಳದ ಜೊತೆ ಅಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಎರಡನೇ ಭಾಷೆ ಹಿಂದಿಯೋ ಮಲಯಾಳವೋ ತೆಗೆದುಕೊಂಡ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಓದಲು ಬಾರದು. ಆ ಹುದ್ದೆಗಳ ಬಾಗಿಲು ಅವರಿಗೆ ತಾನಾಗಿ ಮುಚ್ಚುತ್ತದೆ. ಹಾಗಂತ ಮಲಯಾಳ ಬೇಡ ಅಂತ ಅಲ್ಲ, ಮಲಯಾಳ ಓದಲು ಬರೆಯಲು ಬಂದರೆ ಇಲ್ಲಿ ಜೀವನ ಸಲೀಸು. 2017ರಲ್ಲಿ ಮಲಯಾಳ ಕಡ್ಡಾಯ ಕಾಯ್ದೆ ಬಂದಾಗ ನಾವು ಬೀದಿಗೆ ಇಳಿದದ್ದು ಕಡ್ಡಾಯದ ವಿರುದ್ಧ, ಭಾಷೆಯ ವಿರುದ್ಧ ಅಲ್ಲ.

ಗಡಿ ದಾಟಿ ತಲಪಾಡಿ, ಮಂಗಳೂರು ಕಡೆಯ ಶಾಲೆಗೆ ಕಳಿಸುವವರೂ ಇದ್ದಾರೆ. ಹೈಸ್ಕೂಲಿಗೆ ಸರಿ, ಪಿಯುಸಿಗೆ ಇನ್ನೂ ಸರಿ. ಆರು ವರ್ಷದ ಮಗುವಿಗೆ ಬೇಡ. 2020ರಲ್ಲಿ ಗಡಿಗೆ ಮಣ್ಣು ಸುರಿದದ್ದು ನೆನಪಿದೆ ಅಲ್ವಾ?

ವ್ಯಾನಿನ ವಿಷಯ ಸುಮ್ನೆ ಬಿಡುವಂಥದ್ದಲ್ಲ. ರಾಷ್ಟ್ರೀಯ ಹೆದ್ದಾರಿ 66 ಷಟ್ಪಥ ಆದ ಮೇಲೆ ತಲಪಾಡಿಯಿಂದ ಕಾಸರಗೋಡಿನವರೆಗೆ ರಸ್ತೆ ದಾಟುವ ಲೆಕ್ಕವೇ ಬದಲಾಗಿದೆ. ಎದುರು ಕಾಣುವ ಶಾಲೆಗೆ ಅಂಡರ್‌ಪಾಸ್ ಸುತ್ತಿ ಸರ್ವಿಸ್ ರೋಡಿನಲ್ಲಿ ಬರಬೇಕು. ಹತ್ತು ನಿಮಿಷದ ದಾರಿ ಅಂತ ಶಾಲೆಯವರು ಹೇಳಿದರೆ, ನಿಮ್ಮ ಮಗು ಮೊದಲು ಹತ್ತುವುದೋ ಕೊನೆಗೆ ಹತ್ತುವುದೋ ಕೇಳಿ. ಮೊದಲು ಹತ್ತುವ ಮಗು ಊರೆಲ್ಲ ಸುತ್ತಿ ಶಾಲೆಗೆ ತಲಪುವಾಗಲೇ ಅರ್ಧ ನಿದ್ದೆಯಲ್ಲಿರುತ್ತದೆ. ಒಂದು ವಾರ ನೀವೇ ಬೈಕಿನಲ್ಲಿ ವ್ಯಾನಿನ ಹಿಂದೆ ಹೋಗಿ ನೋಡುವುದು ಒಳ್ಳೆಯದು, ಡ್ರೈವರಿಗೆ ಕೋಪ ಬಂದರೂ ಪರವಾಗಿಲ್ಲ.

ಹಾಗಾದರೆ ಶಾಲೆಗೆ ಹೋಗಿ ಏನು ನೋಡುವುದು? ಕಟ್ಟಡ ನೋಡಬೇಡಿ. ಎರಡನೇ ಕ್ಲಾಸಿಗೆ ಹೋಗಿ, ಹೆಡ್‌ಮಾಷ್ಟ್ರ ಅನುಮತಿ ತೆಗೆದುಕೊಂಡು, ಹಿಂದಿನ ಬೆಂಚಿನ ಒಂದು ಮಗುವಿನ ಹತ್ತಿರ ಪುಸ್ತಕದ ಒಂದು ಪುಟ ಓದಿಸಿ. ಈಗಾಗಲೇ ಮಾಡಿದ ಪಾಠ ಬೇಡ, ಮಕ್ಕಳಿಗೆ ಬಾಯಿಪಾಠ ಇರುತ್ತದೆ, ಇನ್ನೂ ಮಾಡದ ಪಾಠ ತೆಗೆಯಿರಿ. ಮಗು ತಡವರಿಸಿಯಾದರೂ ಓದಿ, ಏನು ಕಥೆ ಅಂತ ತನ್ನ ಮಾತಲ್ಲಿ ಹೇಳಿದರೆ ಆ ಶಾಲೆಯಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ. ಆಮೇಲೆ ಟೀಚರ್ ಎಷ್ಟು ವರ್ಷದಿಂದ ಇಲ್ಲಿದ್ದಾರೆ ಅಂತ ಕೇಳಿ. ಮೂರು, ನಾಲ್ಕು ಕ್ಲಾಸು ಒಂದೇ ಕೋಣೆಯಲ್ಲಿ ಕೂರುತ್ತದಾ ನೋಡಿ. ಲೈಬ್ರರಿ ಪುಸ್ತಕ ಕಪಾಟಿನಲ್ಲಿ ಬೀಗ ಹಾಕಿ ಇದೆಯಾ, ಮಕ್ಕಳ ಕೈ ತಾಗಿ ಸವೆದಿದೆಯಾ ನೋಡಿ. ನಾಲ್ಕನೇ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆಗೆ ಎಷ್ಟು ಮಕ್ಕಳನ್ನು ಕೂರಿಸುತ್ತಾರೆ ಅಂತ ಕೇಳುವುದೂ ಒಂದು ಅಳತೆ, ಆದರೆ ಅದನ್ನೇ ಹಿಡಿದುಕೊಳ್ಳಬೇಡಿ, ಆರಿಸಿದ ನಾಲ್ಕು ಮಕ್ಕಳಿಗೆ ರಾತ್ರಿ ಹಗಲು ತರಬೇತಿ ಕೊಟ್ಟು ಫ್ಲೆಕ್ಸ್ ಹಾಕುವ ಶಾಲೆಗಳೂ ಇವೆ.

ಅನುದಾನರಹಿತ ಶಾಲೆಯಾದರೆ ಇನ್ನೊಂದು ಕೆಲಸ ಉಂಟು. ‘ಸಿಬಿಎಸ್‌ಇ’ ಅಂತ ಬೋರ್ಡಿನಲ್ಲಿ ಇದ್ದರೆ ಅಫಿಲಿಯೇಷನ್ ನಂಬರ್ ಕೇಳಿ, ಮಂಡಳಿಯ ವೆಬ್‌ಸೈಟಿನಲ್ಲಿ ಹುಡುಕಿ. ಸಿಬಿಎಸ್‌ಇ ಮಾದರಿ, ಸಿಬಿಎಸ್‌ಇ ಸಿಲೆಬಸ್ ಅಂತ ಬರೆದುಕೊಂಡವರಿಗೆಲ್ಲ ಮಾನ್ಯತೆ ಇರಬೇಕಾಗಿಲ್ಲ. ಯಾವ ಶಾಲೆಯದ್ದಾದರೂ ಯುಡೈಸ್ ಕೋಡ್ (ಸರಕಾರ ಪ್ರತಿ ಶಾಲೆಗೂ ಕೊಡುವ ನಂಬರ್) ಸಿಕ್ಕಿದರೆ ಅಲ್ಲಿ ಎಷ್ಟು ಮಕ್ಕಳು, ಎಷ್ಟು ಟೀಚರುಗಳು ಅಂತ ನೋಡಬಹುದು. ಒಂದನೇ ಕ್ಲಾಸಿಗೆ ಮಗುವಿನ ಪರೀಕ್ಷೆ, ತಾಯಿ ತಂದೆಯ ಇಂಟರ್‌ವ್ಯೂ, ರಶೀದಿ ಇಲ್ಲದ ಡೊನೇಷನ್, ಇವೆಲ್ಲ ಶಿಕ್ಷಣ ಹಕ್ಕು ಕಾಯ್ದೆಗೆ ವಿರುದ್ಧ. ಕೇಳಿದರೆ ಕೊಡಬೇಕಾಗಿಲ್ಲ. ಕನ್ನಡ ಭಾಷೆಯಾಗಿ ಆದರೂ ಕಲಿಸುತ್ತಾರಾ, ಯಾವ ಕ್ಲಾಸಿನಿಂದ, ಯಾರು ಕಲಿಸುವುದು ಅಂತಲೂ ಕೇಳಿ. ‘ಮಕ್ಕಳು ಸಿಕ್ಕಿದರೆ ಸುರುಮಾಡುತ್ತೇವೆ’ ಅನ್ನುವುದು ಇಲ್ಲ ಅನ್ನುವುದಕ್ಕೆ ಮರ್ಯಾದೆಯ ಮಾತು.

ಊರಿನ ಶಾಲೆ ಈ ಪರೀಕ್ಷೆಯಲ್ಲಿ ಸೋತರೆ, ಅಂದರೆ ಮಕ್ಕಳಿಗೆ ಓದು ಬಾರದಿದ್ದರೆ, ಟೀಚರ್ ಇಲ್ಲದಿದ್ದರೆ, ಕನ್ನಡ ಉಳಿಸುವ ಭಾರವನ್ನು ನಿಮ್ಮ ಮಗುವಿನ ಬೆನ್ನಿಗೆ ಕಟ್ಟಬೇಡಿ. ಮೊದಲು ಎರಡು ಮೈಲಿ ಆಚೆಯ ಇನ್ನೊಂದು ಕನ್ನಡ ಶಾಲೆ ನೋಡಿ, ಅದೂ ಇಲ್ಲದಿದ್ದರೆ ಫೀಸಿನ ಶಾಲೆ. ಗೆದ್ದರೆ ಎಲ್‌ಕೆಜಿಯ ಚಿಂತೆಯೂ ಬೇಕಾಗಿಲ್ಲ. ಪಿಟಿಎಯವರು (ಪೋಷಕರು, ಟೀಚರುಗಳ ಸಂಘದವರು) ನಡೆಸುವ ಪ್ರೀಪ್ರೈಮರಿ ಎಷ್ಟೋ ಸರಕಾರಿ, ಅನುದಾನಿತ ಎಲ್‌ಪಿ ಶಾಲೆಗಳಲ್ಲೇ ಇದೆ, ಮಗು ಅಲ್ಲಿಂದ ಸೀದಾ ಒಂದಕ್ಕೆ ಹೋಗುತ್ತದೆ. ಇಂಗ್ಲಿಷ್ ಡಿವಿಜನ್ನಿಗೇ ಹಾಕುವುದಾದರೂ ಅಡ್ಮಿಷನ್ ಫಾರ್ಮಿನಲ್ಲಿ ಪ್ರಥಮ ಭಾಷೆ ಕನ್ನಡ ಅಂತ ಬರೆಸಲು ಆಗುತ್ತದಾ ಕೇಳಿ, ಸುಮ್ಮನಿದ್ದರೆ ಮಲಯಾಳ ಅಂತ ಬರೆದುಬಿಡುವುದು ಉಂಟು.

ಕನ್ನಡ ಡಿವಿಜನ್ನಿಗೆ ಸೇರಿಸುವುದು ಖಂಡಿತ ಅಂತಾದರೆ ಜೂನ್ ಮೊದಲ ದಿನವೇ ಸೇರಿಸಿ, ಮಳೆ ಸ್ವಲ್ಪ ಕಡಿಮೆಯಾಗಲಿ ಅಂತ ಕಾಯಬೇಡಿ. ಕೇರಳದಲ್ಲಿ ಶಾಲೆಯ ಟೀಚರ್ ಹುದ್ದೆ ನಿಗದಿಯಾಗುವುದು ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ. ಎಲ್‌ಪಿಯಲ್ಲಿ 30 ಮಕ್ಕಳಿಗೆ ಒಬ್ಬರು ಟೀಚರ್ ಅಂತ ಲೆಕ್ಕ, ಒಂದು ಮಗು ಹೆಚ್ಚಾದರೆ ಇನ್ನೊಂದು ಡಿವಿಜನ್, ಕಡಿಮೆಯಾದರೆ ಒಬ್ಬ ಟೀಚರ್ ಹೊರಗೆ. ಕ್ಲಾಸಿಗೆ ಸರಾಸರಿ 15 ಮಕ್ಕಳೂ ಇಲ್ಲದ ಶಾಲೆಯನ್ನು ಇಲಾಖೆ ‘ಅನ್‌ಇಕನಾಮಿಕ್’ ಪಟ್ಟಿಗೆ ಹಾಕುತ್ತದೆ. ರೆಡ್ ಅಲರ್ಟಿಗೆ ಕಲೆಕ್ಟರು ರಜೆ ಕೊಟ್ಟರೆ ಆ ಆರು ದಿನ ಒಂದೆರಡು ದಿನ ಮುಂದೆ ಹೋಗಬಹುದು, ಅಷ್ಟೇ. ಜುಲೈಯಲ್ಲಿ ನೀವು ಮಗುವನ್ನು ಕರೆದುಕೊಂಡು ಹೋದರೆ ಸೀಟು ಖಂಡಿತ ಸಿಗುತ್ತದೆ, ಆ ವರ್ಷದ ಟೀಚರ್ ಲೆಕ್ಕದಲ್ಲಿ ಮಾತ್ರ ನಿಮ್ಮ ಮಗು ಇರುವುದಿಲ್ಲ.